ರಂಜಾನ್ ತಿಂಗಳ ಕಾಯಿಹಾಲು

"ಎಪ್ಪತ್ತೈದು. ಅದರ ಮೇಲೆ ನೂರು ಗ್ರಾಂ ಇದ್ದರೂ ನಾನು ಆಪರೇಷನ್ ಮಾಡಲ್ಲ" ಎಂದರು ಬೆಂಗಳೂರಿನ ಡಾಕ್ಟರು. ಅವರು ಹೇಳುತ್ತಿದ್ದುದು ನನ್ನ ತೂಕದ ಮಾತು. ಆ ದಿನ ನಾನು ಎಂಬತ್ತೊಂದು ಕೆಜಿ ಇದ್ದೆ. ಪಕ್ಕದ ಕುರ್ಚಿಯಲ್ಲಿ ನನ್ನ ತಮ್ಮ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಕೂತಿದ್ದ. ಅವನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ತಿಪಟೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಅವ್ವ ತನ್ನದನ್ನು ಕೊಡುತ್ತೇನೆಂದು ಮುಂದೆ ಬಂದಿದ್ದಳು. ಸಕ್ಕರೆ ಕಾಯಿಲೆ ಇರುವವರದು ಆಗುವುದಿಲ್ಲವೆಂದು ಮೊದಲ ದಿನವೇ ಅವಳನ್ನು ಬದಿಗೆ ಕೂರಿಸಿದರು. ಉಳಿದವಳು ನಾನು. ರಕ್ತ ಹೊಂದಿತು, ಕಿಡ್ನಿ ಹೊಂದಿತು, ಹೊಂದದೆ ಅಡ್ಡ ನಿಂತದ್ದು ನನ್ನ ಮೈಯ ಬೊಜ್ಜು ಒಂದೇ.

ನಮ್ಮದು ಶೆಟ್ಟಿಕೆರೆ ಪಕ್ಕದ ಸಣ್ಣ ಊರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಮುಸಲ್ಮಾನರು ನಾವು, ಮನೆಯೊಳಗೂ ಆಡುವುದು ಕನ್ನಡವನ್ನೇ. ಅಪ್ಪ ಇಲ್ಲ. ಆರೋಗ್ಯ ನೆಟ್ಟಗಿದ್ದಾಗ ತಮ್ಮ ಹಾಸಿಗೆ ಹೊಲಿಯುತ್ತಿದ್ದ. ನಾನು ಮದುವೆಯಾದ ಎರಡೇ ವರ್ಷಕ್ಕೆ ತವರಿಗೆ ವಾಪಸ್ಸು ಬಂದವಳು, ಊರಿನ ಅಂಗನವಾಡಿಯಲ್ಲಿ ಟೀಚರ್. ಮಕ್ಕಳ ತೂಕ ನೋಡುವುದು, ಏನು ತಿನ್ನಿಸಬೇಕು ಏನು ತಿನ್ನಿಸಬಾರದು ಎಂದು ಅವರ ತಾಯಂದಿರಿಗೆ ಬುದ್ಧಿ ಹೇಳುವುದು ನನ್ನ ದಿನನಿತ್ಯದ ಕೆಲಸ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮುಸುರೆ ಬಾನಿಯಲ್ಲಿ ಬಿತ್ತು ಎನ್ನುತ್ತಾರಲ್ಲ, ಆ ಹಲ್ಲಿ ನಾನೇ.

ರಂಜಾನ್ ಹತ್ತಿರವಾಗುವ ಹೊತ್ತಿಗೆ ನಾಲ್ಕು ಕೆಜಿ ಇಳಿಸಿ ಎಪ್ಪತ್ತೇಳಕ್ಕೆ ಬಂದಿದ್ದೆ. ಇನ್ನು ಎರಡು ಕೆಜಿ. ಹಬ್ಬ ಮುಗಿದ ಐದನೇ ದಿನ ಬನ್ನಿ ಎಂದರು ಡಾಕ್ಟರು. ಅವತ್ತು ತೂಕ ಸರಿಯಿದ್ದರೆ ಕಾಗದಪತ್ರ ಅಂದೇ ಆಗುತ್ತದೆ, ಇಲ್ಲದಿದ್ದರೆ ನಮ್ಮ ಸರದಿ ಇನ್ನೊಬ್ಬರಿಗೆ ಹೋಗುತ್ತದೆ. ತಮ್ಮ ಹೊರಗೆ ಹೋದ ಮೇಲೆ ನನ್ನನ್ನೂ ಅವ್ವನನ್ನೂ ನಿಲ್ಲಿಸಿಕೊಂಡು, "ನಿಮ್ಮ ತಮ್ಮನ ಹೃದಯ ಸೋಲ್ತಾ ಇದೆ. ಈ ಸಲ ತಪ್ಪಿದರೆ ಮುಂದಿನ ಸಲಕ್ಕೆ ಆಪರೇಷನ್ ತಡೆಯೋ ಶಕ್ತಿ ಇರುತ್ತೆ ಅಂತ ನಾನು ಮಾತು ಕೊಡಲಾರೆ" ಎಂದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ರೋಜಾ ಉಪವಾಸ ಹಿಡಿಯಬಹುದೇ ಎಂದು ಕೇಳಿದೆ. ಜಮಾತಿನ ಹಿರಿಯರು ಆಗಲೇ, "ಜೀವ ಉಳಿಸೋ ಕೆಲಸ ಕಣಮ್ಮ, ಈ ವರ್ಷ ಬುಟ್ಟು ಆಮ್ಯಾಕ್ ಹಿಡುದ್ರೂ ನಡೀತದೆ" ಎಂದಿದ್ದರು. ನನಗೆ ಬಿಡಲು ಮನಸ್ಸಿರಲಿಲ್ಲ. ದೇವರ ಹತ್ತಿರ ಇಷ್ಟು ದೊಡ್ಡದನ್ನು ಕೇಳುವ ವರ್ಷದಲ್ಲೇ ರೋಜಾ ತಪ್ಪಿಸುವುದೇ? ಅಲ್ಲದೆ ಒಳಗೊಳಗೇ ಒಂದು ಆಸೆಬುರುಕ ಲೆಕ್ಕವೂ ಇತ್ತು: ಇಡೀ ದಿನ ಬಾಯಿ ಕಟ್ಟಿದರೆ ಎರಡು ಕೆಜಿ ತಾನಾಗಿಯೇ ಇಳಿಯುತ್ತದೆ. ಡಾಕ್ಟರಿಗೆ ನನ್ನ ಮನಸ್ಸು ಕಂಡಿತೋ ಏನೋ. "ಹಿಡೀರಿ, ತೊಂದರೆಯಿಲ್ಲ. ಆದರೆ ರಂಜಾನಲ್ಲಿ ಇಳಿದವರಿಗಿಂತ ಏರಿದವರನ್ನೇ ನಾನು ಜಾಸ್ತಿ ನೋಡಿರೋದು. ಎಣ್ಣೇಲಿ ಕರಿದದ್ದು, ಶರಬತ್ತು ಬೇಡ. ಸಂಜೆ ಬಿಟ್ಟ ಮೇಲೆ ನೀರು ಸ್ವಲ್ಪ ಸ್ವಲ್ಪ ಕುಡೀತಾ ಇರಿ. ತಿಂದಿದ್ದನ್ನೆಲ್ಲ ಬರೆದಿಡಿ" ಎಂದರು. ಬರೆಯುವುದು ನನಗೆ ಹೊಸದೇ? ಅಂಗನವಾಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಮಾಡುವುದು ಅದೇ.

ಮೊದಲ ರೋಜಾದಿಂದಲೇ ನೋಟ್‌ಬುಕ್ ಶುರುವಾಯಿತು. ಬೆಳಗಿನ ಜಾವದ ಸಹರಿಗೆ ಒಂದು ಮುದ್ದೆ, ಸೊಪ್ಪಿನ ಸಾರು, ಒಂದು ಬೇಯಿಸಿದ ಮೊಟ್ಟೆ, ಮಜ್ಜಿಗೆ. ಸಂಜೆ ಒಂದು ಖರ್ಜೂರ, ನೀರು, ಒಂದು ಬಟ್ಟಲು ಗಂಜಿ, ಕಲ್ಲಂಗಡಿ. ರಾತ್ರಿ ಒಂದು ಚಪಾತಿ, ಪಲ್ಯ. ಬೋಂಡ, ಸಮೋಸ ಮುಟ್ಟಲಿಲ್ಲ. ತಿಪಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಸಂಜೆ ಹೊತ್ತು ಬಾಣಲೆಯ ವಾಸನೆ ಬಂದರೆ ಉಸಿರು ಬಿಗಿಹಿಡಿದು ನಡೆದೆ. ಸಂಜೆ ರೋಜಾ ಬಿಟ್ಟ ಮೇಲೆ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆಯುತ್ತಿದ್ದೆ. ನನ್ನ ನಿಷ್ಠೆ ನೋಡಿ ನನಗೇ ಹೆಮ್ಮೆಯಾಗಿ, ಅಂಗನವಾಡಿಗೆ ಬರುವ ಬಸುರಿಯರ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಂಡದ್ದೂ ಉಂಟು.

ಹದಿಮೂರನೇ ರೋಜಾದ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಅಂಗನವಾಡಿಯ ಬಾಗಿಲು ತೆಗೆದು, ಬಸುರಿಯರ ತೂಕ ನೋಡುವ ಯಂತ್ರದ ಮೇಲೆ ನಿಂತೆ. ಎಪ್ಪತ್ತೇಳು ಮುಕ್ಕಾಲು. ಇಳಿದು ಮತ್ತೆ ಹತ್ತಿದೆ. ಯಂತ್ರವನ್ನು ಬೇರೆ ಜಾಗಕ್ಕೆ ಎಳೆದು ಹತ್ತಿದೆ. ಹದಿಮೂರು ದಿನ ಹಸಿದು ನಾನು ಮುಕ್ಕಾಲು ಕೆಜಿ ಏರಿದ್ದೆ.

ಯಂತ್ರವೇ ಕೆಟ್ಟಿದೆ ಎಂದುಕೊಂಡೆ. ನಮ್ಮ ಎದುರು ಮನೆಯವರು ಕೊಬ್ಬರಿ ವ್ಯಾಪಾರದ ಸಾಹುಕಾರರು, ಮನೆಯ ಪಕ್ಕದಲ್ಲೇ ಅವರ ಗೋದಾಮು. ಕೊಬ್ಬರಿ ಚೀಲ ತೂಗುವ ಯಂತ್ರದ ಮೇಲೆ ನಿಲ್ಲುತ್ತೇನೆ ಎಂದಾಗ ಅವರು ನಕ್ಕು, "ಏನ್ ಮೇಡಂ, ಈ ಸಲ ಹರಾಜಿಗೆ ನೀವೂ ಬತ್ತೀರಾ?" ಎಂದರು. ನನಗೆ ನಗು ಬರಲಿಲ್ಲ. ಅವರ ಯಂತ್ರವೂ ಅದನ್ನೇ ಹೇಳಿತು.

ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಹಾಳಾಯಿತು. ನಾನು ಕಂಡದ್ದಕ್ಕೆಲ್ಲ ಸಿಡುಕುತ್ತಿದ್ದೆ. ಮುದ್ದೆಯನ್ನು ಅರ್ಧ ಮಾಡಿದೆ. ಹಗಲು ಮಕ್ಕಳ ಮುಂದೆ ತಲೆ ಸುತ್ತಿ ಗೋಡೆ ಹಿಡಿದು ನಿಲ್ಲುವಂತಾಯಿತು. ತಮ್ಮ ಏನೂ ಕೇಳುತ್ತಿರಲಿಲ್ಲ. ಕೇಳದೆ ನನ್ನ ಮುಖವನ್ನೇ ನೋಡುತ್ತಿದ್ದ, ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು. ಅವನ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ.

ಮುಂದಿನ ಡಯಾಲಿಸಿಸ್ ದಿನ ಅವನ ಜೊತೆ ತಿಪಟೂರಿಗೆ ಹೋದೆ. ಅಲ್ಲಿ ರೋಗಿಗಳಿಗೆ ಊಟದ ಪಥ್ಯ ಹೇಳಲು ಬರುವ ಹುಡುಗಿಯೊಬ್ಬಳಿದ್ದಳು, ಕಲಬುರಗಿ ಕಡೆಯವಳು. ನನ್ನ ನೋಟ್‌ಬುಕ್ ಅವಳ ಮುಂದಿಟ್ಟೆ. ಒಂದೊಂದೇ ಹಾಳೆ ತಿರುಗಿಸಿ ನೋಡಿದಳು.

"ಎಲ್ಲಾ ಸರಿ ಅದ ಅಲ್ರೀ. ಈ ಗಂಜಿ ಹೆಂಗ ಮಾಡ್ತೀರಿ?"

"ಅಕ್ಕಿ ನುಚ್ಚು, ಹೆಸರುಬೇಳೆ, ಮೆಂತ್ಯ, ಬೆಳ್ಳುಳ್ಳಿ. ಆಮೇಲೆ ಕಾಯಿಹಾಲು."

"ಈ ಪಲ್ಯ?"

"ಹುರುಳಿಕಾಯಿದು. ಮೇಲೆ ಒಂದಿಷ್ಟು ಕಾಯಿತುರಿ."

"ಸಾರಿಗೆ?"

"ಕಾಯಿ ರುಬ್ಬಿ ಹಾಕ್ತೀವಲ್ಲ, ಮತ್ತೆ ಹೆಂಗ್ ಮಾಡೋದು?"

ಅವಳು ಪೆನ್ನು ಕೆಳಗಿಟ್ಟಳು. ಸಹರಿಯಲ್ಲಿ ಇನ್ನೇನಾದರೂ ಬಾಯಿಗೆ ಹಾಕಿಕೊಳ್ಳುತ್ತೀರಾ ಎಂದು ಕೇಳಿದಳು. ಕಡೆಯಲ್ಲಿ ಒಂದು ಹಿಡಿ ಕೊಬ್ಬರಿ ಚೂರು, ಒಂದು ಉಂಡೆ ಬೆಲ್ಲ. ತಿಂದರೆ ಮಧ್ಯಾಹ್ನದವರೆಗೆ ಬಾಯಾರುವುದಿಲ್ಲವೆಂದು ಅವ್ವ ಚಿಕ್ಕಂದಿನಿಂದ ಕೊಡುತ್ತಾಳೆ ಎಂದೆ. ದಿನಕ್ಕೆ ಎಷ್ಟು ಕಾಯಿ ಒಡೆಯುತ್ತೀರಿ ಎಂದಳು. ಮೂರು ಎಂದೆ. ಎಷ್ಟು ಜನ ಎಂದಳು. ಮೂರು ಜನ ಎನ್ನಲು ಹೋಗಿ ನಾಲಿಗೆ ತಡೆಯಿತು. ತಮ್ಮನಿಗೆ ಕಾಯಿ, ಎಳನೀರು ಎಲ್ಲ ನಿಷೇಧ. ಕಿಡ್ನಿ ಹೋದವರಿಗೆ ಅದು ವಿಷ. ಅವನಿಗೆಂದು ಅವ್ವ ಬೇರೆ ಪಾತ್ರೆಯಲ್ಲೇ ಅಡಿಗೆ ಮಾಡುತ್ತಿದ್ದಳು.

"ಇಬ್ಬರು" ಎಂದೆ.

"ನಮ್ಮ ಮನ್ಯಾಗ ವಾರಕ್ಕ ಒಂದು ಕಾಯಿ ಒಡದ್ರ ಹೆಚ್ಚು. ಇದನ್ಯಾಕ ಬರದಿಲ್ಲ ನೀವು?"

ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಾಯಿಯನ್ನು ಬರೆಯುವುದೇ? ಉಪ್ಪು ಬರೆಯುತ್ತಾರೆಯೇ, ನೀರು ಬರೆಯುತ್ತಾರೆಯೇ? ನಮ್ಮ ಸೀಮೆಯಲ್ಲಿ ಊಟವಾಯಿತೇ ಎಂದು ಕೇಳಿದರೆ ಮುದ್ದೆ ಅನ್ನುತ್ತೇವೆ, ಸಾರು ಅನ್ನುತ್ತೇವೆ, ಕಾಯಿ ತಿಂದೆ ಎಂದು ಯಾರೂ ಹೇಳುವುದಿಲ್ಲ. ಅವ್ವ ಹರೆಯದಲ್ಲಿ ಕೊಬ್ಬರಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಮಡಿಲಲ್ಲಿ ತಂದ ಚೂರುಗಳನ್ನು ತಿಂದೇ ನಾವಿಬ್ಬರೂ ಬೆಳೆದದ್ದು. ಅದು ತಮ್ಮನಿಗೆ ವಿಷ ಎಂದು ಗೊತ್ತಿತ್ತು. ನನಗೆ ಅದು ಊಟ ಎಂಬುದೇ ಹೊಳೆದಿರಲಿಲ್ಲ. ಎಣ್ಣೆಗೆ ಹೆದರಿ ಬಾಣಲೆಯಿಂದ ಓಡಿದವಳು ದಿನಾ ಒಂದೂವರೆ ಕಾಯಿ ನುಂಗುತ್ತಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಕಾಯಿಲ್ದೆ ಅದೆಂಥ ಗಂಜಿ ಕಣೇ, ಗೋಡೆಗೆ ಕಾಗ್ದ ಅಂಟ್ಸಾಕೆ ಆಯ್ತದೆ ಅಷ್ಟೆ" ಎಂದಳು. ನಾನು ದನಿ ಏರಿಸಿದೆ. ಇನ್ನು ಮೇಲೆ ತಮ್ಮನ ಪಾತ್ರೆಯಿಂದಲೇ ನನಗೂ ಬಡಿಸು ಎಂದೆ. "ಆಗ್ಲಿ ಬುಡು" ಎಂದಳು. ಅವ್ವ ಯಾವ ಮಾತಿಗೂ ಅಷ್ಟು ಬೇಗ ಒಪ್ಪಿದವಳಲ್ಲ. ಅವಳು ಒಪ್ಪಿದ್ದೇ ಸಾಕೆನಿಸಿ ನಾನೂ ಮುಂದೆ ಕೇಳಲಿಲ್ಲ. ಸಹರಿಯ ಕೊಬ್ಬರಿ ಬೆಲ್ಲ ನಿಂತಿತು, ಪಲ್ಯದ ಮೇಲಿನ ತುರಿ ನಿಂತಿತು. ಗಂಜಿ ಮಾತ್ರ ಚೆನ್ನಾಗಿಯೇ ಇತ್ತು. ಕಾಯಿಯಿಲ್ಲದೆಯೂ ಇಷ್ಟು ರುಚಿಯಾಗುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಒಂದು ಬಟ್ಟಲಿನ ಜಾಗದಲ್ಲಿ ಎರಡು ಬಟ್ಟಲು ಕುಡಿದೆ.

ಇಪ್ಪತ್ತನೇ ರೋಜಾದ ದಿನ ತೂಕ ಎಪ್ಪತ್ತೇಳಕ್ಕೆ ಇಳಿದಿತ್ತು. ಶುರು ಮಾಡಿದ ಜಾಗಕ್ಕೇ ವಾಪಸ್ಸು. ಉಳಿದದ್ದು ಹತ್ತು ರೋಜಾ, ಮತ್ತೆ ಐದು ದಿನ.

ಆ ಸಂಜೆ ಅವ್ವ ಗಂಜಿಯ ಬಟ್ಟಲಿಟ್ಟ ತಟ್ಟೆ ಹಿಡಿದು ಎದುರು ಮನೆಗೆ ಕೊಡಲು ಹೋಗಿದ್ದಳು. ನಾನು ನಮಾಜಿಗೆ ಕೈಕಾಲು ಮುಖ ತೊಳೆದು ವಜೂ ಮಾಡಿ ಒಳಗೆ ಬಂದೆ. ತಮ್ಮನಿಗೆ ರೋಜಾ ಇಲ್ಲದಿದ್ದರೂ ಅವನು ನಾವು ಬಿಡುವ ಹೊತ್ತಿಗೆ ನಮ್ಮ ಜೊತೆಯೇ ಕೂರುತ್ತಿದ್ದ. ಅವ್ವ ಇಲ್ಲದ್ದರಿಂದ ತಾನೇ ಬಡಿಸಿಕೊಂಡು, ಒಂದು ಚಮಚ ಬಾಯಿಗೆ ಇಟ್ಟವನು ಹಾಗೇ ನಿಂತಿದ್ದ. ನಿಧಾನಕ್ಕೆ ಬಚ್ಚಲಿಗೆ ಹೋಗಿ ಉಗಿದು ಬಂದ.

"ಇದು ನಿನ್ ಪಾತ್ರೆನಾ?" ಎಂದ.

ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. "ಇಬ್ರುದೂ ಒಂದೇ ಅಲ್ವಾ?" ಎಂದೆ.

"ಇದ್ರಾಗೆ ಕಾಯಿಹಾಲು ಐತೆ."

ನಾನು ಪಾತ್ರೆಯ ಮುಚ್ಚಳ ಮುಚ್ಚಿದೆ.

"ನನ್ ನಾಲ್ಗೆ ಕಾಯಿ ಕಂಡು ಮೂರು ವರ್ಷ ಆಯ್ತು. ನಂಗೆ ಒಂದು ಚಮಚಕ್ಕೆ ಗೊತ್ತಾಯ್ತು. ದಿನಾ ಕುಡಿಯೋಳು ನೀನು. ನಿಂಗ್ ಗೊತ್ತಾಗ್ಲಿಲ್ವಾ ಅಕ್ಕ?"

ಮಸೀದಿಯಲ್ಲಿ ಬಾಂಗು ಶುರುವಾಯಿತು. ರೋಜಾ ಬಿಡುವ ಹೊತ್ತು. ಖರ್ಜೂರ ತಟ್ಟೆಯಲ್ಲೇ ಇತ್ತು, ನನ್ನ ಕೈ ಅದರ ಕಡೆ ಹೋಗಲಿಲ್ಲ. ಅವನು ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟ. "ಕೊಡಾಕ್ ಇಷ್ಟ ಇಲ್ದಿದ್ರೆ ಬಾಯ್ಬುಟ್ಟು ಹೇಳ್ರಿ. ನಾನೇನೂ ಅನ್ಕಳಲ್ಲ. ಹಿಂಗ್ ಗಂಜಿ ಕುಡ್ಕಂಡು ಹೇಳ್ಬ್ಯಾಡಿ" ಎಂದು ಜಗಲಿಗೆ ಹೋಗಿ ಕೂತ. ಅವನು ಕೂಗಾಡಿದ್ದರೆ ನಾನೂ ಕೂಗಾಡಿ ತಪ್ಪಿಸಿಕೊಳ್ಳಬಹುದಿತ್ತು. ನೀರು ಕುಡಿದು ರೋಜಾ ಬಿಟ್ಟೆ.

ಅವ್ವ ಒಳಗೆ ಬಂದ ಕೂಡಲೇ ನನ್ನ ಸಿಟ್ಟೆಲ್ಲ ಅವಳ ಮೇಲೆ ಹೋಯಿತು. "ಅವ್ನು ಸಾಯ್ಲಿ ಅಂತಾನಾ ನಿನ್ ಮನಸ್ನಾಗೆ?" ಎಂದುಬಿಟ್ಟೆ. ಜಗಲಿಗೆ ಕೇಳಿಸುವಷ್ಟು ಜೋರಾಗಿ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವ್ವ ಖಾಲಿ ತಟ್ಟೆ ಹಿಡಿದುಕೊಂಡೇ ಒಲೆಯ ಪಕ್ಕ ಕುಸಿದು ಕೂತಳು. "ನಾನೇ ಹಾಕ್ದೆ ಕಣೇ. ಆ ಡಾಕ್ಟ್ರು ತೂಕ ಅಂದಾಗ ನಂಗೆ ಅನ್ಸ್ತು, ನೀನು ಇಳೀದಿದ್ರೆ ಯಾರ್ ತಪ್ಪೂ ಇಲ್ಲ, ದೇವ್ರೇ ಬ್ಯಾಡ ಅಂದ ಅಂತ ಆಯ್ತದೆ. ಅವ್ನು ಒಂದೊಂದ್ ದಿನ ಸವೆಯೋದ ನೋಡ್ತಾ ಇವ್ನಿ. ನಿನ್ನೂ ಕುಯ್ದು ಮಲಗ್ಸಿದ್ರೆ, ಏನಾರ ಆದ್ರೆ, ನಾನ್ ಯಾರ್ ಮುಖ ನೋಡ್ಲಿ?" ಎಂದಳು. ಆಮೇಲೆ ತಲೆಯೆತ್ತಿ ನನ್ನನ್ನು ದಿಟ್ಟಿಸಿ, "ಮೊದ್ಲುನೇ ದಿನಾನೇ ನೀನು ಕೇಳ್ತೀಯ ಅನ್ಕಂಡಿದ್ದೆ. ಕೇಳ್ಲಿಲ್ಲ. ಎರಡ್ನೇ ಬಟ್ಲು ಇಸ್ಕಂಡೆ" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನಗೆ ಹೆಗಲು ಮುಟ್ಟಿಕೊಳ್ಳುವ ಧೈರ್ಯವೂ ಇರಲಿಲ್ಲ. ಗೊತ್ತಿತ್ತು. ಮೊದಲ ಗುಟುಕಿಗೇ ಗೊತ್ತಿತ್ತು. ಕಾಯಿಹಾಲಿನ ರುಚಿ ನಲವತ್ತೈದು ವರ್ಷದ ನಾಲಿಗೆಗೆ ತಿಳಿಯದೇ ಇರುತ್ತದೆಯೇ? ಹಸಿವು ಅರ್ಧ ಕಾರಣ. ಇನ್ನರ್ಧ ಹೆದರಿಕೆ. ಆಸ್ಪತ್ರೆಯಲ್ಲಿ ಹಿಂದೆ ಕಿಡ್ನಿ ಕೊಟ್ಟ ಹೆಂಗಸೊಬ್ಬಳು ನನಗೆ ಧೈರ್ಯ ಬರಲೆಂದು ಪಕ್ಕೆಯ ಗಾಯದ ಗುರುತು ತೋರಿಸಿದ್ದಳು. ಅಂದಿನಿಂದ ಸ್ನಾನ ಮಾಡುವಾಗೆಲ್ಲ ನನ್ನ ಕೈ ಪಕ್ಕೆಗೇ ಹೋಗುತ್ತಿತ್ತು. ಊರಿನವರು ಅಕ್ಕ ಅಂದರೆ ಹೀಗಿರಬೇಕು ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ಇಟ್ಟುಕೊಂಡೇ ತಪ್ಪಿಸಿಕೊಳ್ಳಲು ನನಗೆ ಅವ್ವನ ಪಾತ್ರೆ ಅನುಕೂಲವಾಗಿತ್ತು.

ಮಾರನೇ ದಿನ ಡಯಾಲಿಸಿಸ್. ತಿಪಟೂರಿನ ಬಸ್ಸಿನಲ್ಲಿ ತಮ್ಮನ ಪಕ್ಕ ಕೂತೆ. ಬಸ್ಸು ಅರ್ಧ ದಾರಿ ದಾಟಿತು.

"ಗೊತ್ತಿತ್ತು ಕಣ್ಲಾ" ಎಂದೆ. "ಹೆದ್ರಿಕೆ ಆಗಿತ್ತು. ಈಗ್ಲೂ ಆಯ್ತದೆ."

ಅವನು ಕಿಟಕಿಯ ಕಡೆಯೇ ನೋಡುತ್ತಿದ್ದ. "ಹಂಗಾದ್ರೆ ಬ್ಯಾಡ ಬುಡು ಅಕ್ಕ."

"ಬ್ಯಾಡ ಅಂತ ಎಲ್ಲಿ ಅಂದೆ? ಹೆದ್ರಿಕೆ ಅಂದೆ. ಹೆದರ್ಕಂಡೇ ಕೊಡ್ತೀನಿ. ನಿಂಗೇನು ನಗ್ನಗ್ತಾ ಕೊಡೋದೇ ಬೇಕಾ?"

ಅವನು ನಗಲು ಹೋಗಿ ಕಣ್ಣೊರೆಸಿಕೊಂಡ. ಮೂರು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಟಿಕೆಟ್ ಕೊಡಲು ಬಂದ ಕಂಡಕ್ಟರು ನಮ್ಮನ್ನು ನೋಡಿ ಮುಂದಿನ ಸೀಟಿಗೆ ಹೋಗಿ ಆಮೇಲೆ ಬಂದರು.

ಅಂದಿನಿಂದ ಒಲೆ ನನ್ನ ಕೈಗೆ ಬಂತು. ಮೂವರಿಗೂ ಒಂದೇ ಪಾತ್ರೆ. ತಮ್ಮನಿಗೆ ತರಕಾರಿಯನ್ನು ನೀರಲ್ಲಿ ನೆನೆಸಿ ಬಸಿಯಬೇಕು, ಉಪ್ಪು ಕಡಿಮೆ, ನಾನೂ ಅದನ್ನೇ ಉಂಡೆ. ಸಂಜೆ ಖರ್ಜೂರದ ಜೊತೆ ಸೌತೆಕಾಯಿ, ತೆಳ್ಳನೆಯ ಗಂಜಿ ಒಂದೇ ಬಟ್ಟಲು. ಅರ್ಧ ಮಾಡಿದ್ದ ಮುದ್ದೆಯನ್ನು ಮತ್ತೆ ಇಡಿಯಾಗಿಯೇ ತಿಂದೆ. ಸಹರಿಯಲ್ಲಿ ಹೊಟ್ಟೆ ತುಂಬ ಉಣ್ಣದಿದ್ದರೆ ಸಂಜೆ ಕೈ ಹಿಡಿತ ತಪ್ಪುತ್ತದೆಂದು ಪಥ್ಯದ ಹುಡುಗಿ ಹೇಳಿದ್ದಳು. ರೋಜಾ ಬಿಟ್ಟಾಗಿನಿಂದ ಮಲಗುವವರೆಗೆ ಲೋಟ ಲೋಟವಾಗಿ ನೀರು. ನೋಟ್‌ಬುಕ್ಕಿನಲ್ಲಿ ಈಗ ಉಪ್ಪನ್ನೂ ಬರೆಯುತ್ತಿದ್ದೆ. ಅವ್ವ ಅಡಿಗೆಮನೆಯ ಹೊಸಿಲಿನ ಮೇಲೆ ಕೂತು ನೋಡುತ್ತಿದ್ದಳು. ನನ್ನ ಜೊತೆ ಮಾತು ಕಡಿಮೆಯಾಗಿತ್ತು. ತೂಕ ಎಷ್ಟಾಯಿತು ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಯಾವ ಉತ್ತರ ಅವಳಿಗೆ ಬೇಕಾಗಿತ್ತೋ, ನನಗೂ ಗೊತ್ತಿರಲಿಲ್ಲ.

ಇಪ್ಪತ್ತೈದನೇ ರೋಜಾಕ್ಕೆ ಎಪ್ಪತ್ತಾರು ಕಾಲು. ಹಬ್ಬದ ಹಿಂದಿನ ದಿನ ಎಪ್ಪತ್ತೈದು ಮುಕ್ಕಾಲು. ಹಬ್ಬದ ದಿನ ಬಂದವರಿಗೆಲ್ಲ ಹಾಲು ಶಾವಿಗೆಯ ಶಿರ್‌ಕುರ್ಮಾ ಕೊಟ್ಟು, ನಾನು ಎರಡು ಚಮಚ ತಿಂದು ಎದ್ದೆ. ಬಂದ ನೆಂಟರು ಹಬ್ಬದ ದಿನವೂ ಇದೇನು ಎಂದು ಮುಖ ಸಿಂಡರಿಸಿದರು. ಅವ್ವ, "ಸುಮ್ಕಿರ್ರವ್ವ, ಅವ್ಳುನ್ನ ಬಲವಂತ ಮಾಡ್ಬ್ಯಾಡಿ" ಎಂದಳು. ಹತ್ತು ದಿನದಲ್ಲಿ ಅವಳು ನನ್ನ ಪರವಾಗಿ ಆಡಿದ ಮೊದಲ ಮಾತು ಅದು.

ಐದನೇ ದಿನ ಮೂವರೂ ಬೆಂಗಳೂರಿಗೆ ಹೋದೆವು. ನರ್ಸ್ ಯಂತ್ರದ ಮೇಲೆ ನಿಲ್ಲಿಸಿದಳು. ಎಪ್ಪತ್ತೈದು, ಪಕ್ಕದಲ್ಲಿ ಮೂರು. ಮುನ್ನೂರು ಗ್ರಾಂ ಜಾಸ್ತಿ. ತಮ್ಮ ಗೋಡೆಯ ಕಡೆ ತಿರುಗಿಬಿಟ್ಟ. ನರ್ಸ್ ಮಾತ್ರ ಏನೂ ಆಗದವಳ ಹಾಗೆ, "ಬುರ್ಖಾ ತೆಗೆದು ನಿಲ್ರಮ್ಮಾ, ಅದರದೂ ತೂಕ ಇರುತ್ತಲ್ಲ" ಎಂದಳು. ತೆಗೆದೆ. ಎಪ್ಪತ್ನಾಲ್ಕು ಒಂಬತ್ತು. ಅವಳು ಬರೆದುಕೊಂಡಳು. ನಾನು ಇಳಿದು ಆ ಕಾಗದದ ಮೇಲಿನ ಅಂಕಿಯನ್ನು ಮತ್ತೊಮ್ಮೆ ಬಗ್ಗಿ ನೋಡಿದೆ.

ಮಧ್ಯಾಹ್ನ ಒಪ್ಪಿಗೆಯ ಕಾಗದಕ್ಕೆ ನಮ್ಮನ್ನು ಒಂದು ಕೋಣೆಗೆ ಕರೆದರು. ಮೇಜಿನ ಆಚೆ ಆಸ್ಪತ್ರೆಯ ಸಮಿತಿಯ ಮೂವರು ಕೂತಿದ್ದರು. ಯಾರಾದರೂ ಬಲವಂತ ಮಾಡಿದರೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಭಯವಿದೆಯೇ ಎಂದರು. ಇದೆ ಎಂದೆ. ಸಹಿ ಹಾಕಿದೆ. ಆಮೇಲೆ ಅವರಲ್ಲಿ ಹಿರಿಯರು ಅವ್ವನ ಕಡೆ ತಿರುಗಿ, "ಮಗಳು ಕಿಡ್ನಿ ಕೊಡೋದಕ್ಕೆ ನಿಮ್ಮ ಒಪ್ಪಿಗೆ ಇದೆಯಾ ತಾಯಿ?" ಎಂದು ಕೇಳಿದರು.

ಅವ್ವ ಕಾಗದವನ್ನೇ ನೋಡುತ್ತಿದ್ದಳು. ಅವರು ಮತ್ತೊಮ್ಮೆ ಕೇಳಿದರು. ಇವಳು ಇಲ್ಲವೆಂದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ಅವ್ವ ಮೊದಲು ತಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು.

"ಒಪ್ಗೆ ಅಂದ್ರೆ ಹೆಂಗ್ ಸ್ವಾಮಿ? ಹೆತ್ತೋಳು ಇದುಕ್ಕೆ ಹೂಂ ಅಂತಾಳಾ, ಊಹೂಂ ಅಂತಾಳಾ? ನನ್ನ ಏನೂ ಕೇಳ್ಬ್ಯಾಡಿ. ಹೆಬ್ಬೆಟ್ಟು ಎಲ್ಲಿ ಒತ್ಬೇಕೋ ಅಷ್ಟು ತೋರ್ಸಿ."

ಹಿರಿಯರು ಕಾಗದವನ್ನು ಅವಳ ಕಡೆ ತಿರುಗಿಸಿ, ಜಾಗ ತೋರಿಸಿದರು. ಅವಳು ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಕೈ ಮುಂದೆ ಚಾಚಿದಳು. ಒಂದು ಕಡೆಯಿಂದ ತಮ್ಮ, ಇನ್ನೊಂದು ಕಡೆಯಿಂದ ನಾನು ಆ ಕೈ ಹಿಡಿದುಕೊಂಡೆವು, ಅವ್ವ ಒತ್ತಿದಳು.